ನಾರುಮಡಿಗೆ ಕೊರೆದ ಅಚ್ಚು

ಸುವಾ
ಮಾರ್ಚ್ 4, 2003

ಚಿಕ್ಕಮ್ಮಾ,

ನನ್ನ ಪತ್ರ ಬಂತೆಂದರೆ ಏನೋ ಬೇಕಾಗಿರಬೇಕು ಎಂದು ನೀನು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಸರಿಯಾಗಿಯೇ ಅಂದುಕೊಂಡಿದ್ದೀಯ.

ಜೂನ್ ಹದಿನಾಲ್ಕಕ್ಕೆ ಇಲ್ಲಿ ಉಡುಪುಗಳ ದೊಡ್ಡ ಪ್ರದರ್ಶನವಿದೆ. ಸಿಡ್ನಿಯಿಂದ ಕೊಳ್ಳುವವರು ಬರುತ್ತಾರೆ. ನನ್ನ ಹೆಸರಿನಲ್ಲಿ ಎಂಟು ಉಡುಪು ತೋರಿಸಲು ಜಾಗ ಸಿಕ್ಕಿದೆ. ಎಂಟೂ ನಾರುಮಡಿಯದೇ ಆಗಬೇಕೆಂದು ನಿರ್ಧಾರ ಮಾಡಿದ್ದೇನೆ. ಮದುವೆಯ ದಿನ ಸೊಂಟಕ್ಕೆ ಸುತ್ತಿ, ಸತ್ತ ದಿನ ಕೆಳಗೆ ಹಾಸಿ, ಉಳಿದ ದಿನವೆಲ್ಲ ಚಾಪೆಯ ಅಡಿ ಮಡಚಿಡುವುದಕ್ಕಲ್ಲ. ಕತ್ತರಿಸಿ ಹೊಲಿದು, ಹುಡುಗಿಯರು ತೊಟ್ಟು ನಡೆಯಬೇಕು. ಇಲ್ಲಿನ ಅಂಗಡಿಗಳಲ್ಲಿ ಪಾಲಿಯೆಸ್ಟರ್ ಮೇಲೆ ನಮ್ಮ ನಕ್ಷೆ ಒತ್ತಿ ಪ್ರವಾಸಿಗಳಿಗೆ ಮಾರುತ್ತಾರೆ, ನೋಡಿದರೆ ಮೈ ಉರಿಯುತ್ತದೆ. ನಿಜವಾದ ತೊಗಟೆಯನ್ನು ಬಡಿದು ಮಾಡಿದ ಬಟ್ಟೆಯನ್ನು ಒಮ್ಮೆ ದೀಪದ ಕೆಳಗೆ ನಡೆಸಿ ತೋರಿಸಬೇಕು ನನಗೆ.

ಹದಿನಾರು ಹಾಳೆ ಬೇಕು, ತೆಳ್ಳನೆಯವು, ಮಡಚಿದರೆ ಬಿರಿಯದಂಥವು. ಅಮ್ಮ ಹೋದಮೇಲೆ ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ? ಆದರೆ ಸುಮ್ಮನೆ ಕೇಳುತ್ತಿಲ್ಲ, ವಸುವಾಗಿ, ತಾಯಿಯ ಊರಿನ ಮೇಲೆ ಹಕ್ಕಿರುವ ಮಗಳಾಗಿ ಕೇಳುತ್ತಿದ್ದೇನೆ. ನಮುಕದ ಹೆಣ್ಣು ಹೆತ್ತ ಮಗಳು ನಮುಕಕ್ಕೆ ಬಂದು ಹಂದಿ ಅಂದರೆ ಹಂದಿ, ದೋಣಿ ಅಂದರೆ ದೋಣಿ. ಇಲ್ಲ ಅನ್ನುವ ಬಾಯಿ ನಿಮಗಿಲ್ಲ. ಮೇ ತಿಂಗಳ ಹಡಗಿಗೆ ಎಲ್ಲವೂ ನನ್ನ ಕೈಗೆ ಬರಬೇಕು.

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲ ಚೆನ್ನಾಗಿದೆ. ಮೇಲ್ವಿಚಾರಕಿ ಧಾರಾಳವಾಗಿ ರಜೆ ಕೊಟ್ಟಿದ್ದಾಳೆ.

ನಿನ್ನ
ಅಸಿನಾತೆ

*

ನಮುಕ ದ್ವೀಪ, ಲಾವು
ಮಾರ್ಚ್ 10, 2003

ಅಸಿನಾತೆ,

ವಸುವಂತೆ. ನಿನ್ನ ಮೂಗು ಒರೆಸಿದ ಕೈಗೆ ನೀನು ಕಾನೂನು ಓದಿ ಹೇಳುತ್ತೀಯ. ನಿನ್ನ ಪತ್ರವನ್ನು ಜೊಸತೆಕಿಗೆ ಓದಿ ಹೇಳಿದೆ. ನಿನ್ನ ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂದಿ ಕೇಳಿದ್ರೆ ಇವತ್ತೇ ಕಟ್ಟಿ ಕಳಿಸ್ತಿದ್ದೆ ಕಣೆ, ಹದಿನಾರು ಹಾಳೆ ಅಂದ್ರೆ ನಿನ್ ಬೆನ್ನು ಕೇಳ್ದಂಗೆ" ಅಂದ. ಕೇಳಿದರೆ ಕೇಳಲಿ. ಬೆನ್ನು ಇರುವುದು ಇನ್ನೇತಕ್ಕೆ?

ಜನವರಿಯ ಬಿರುಗಾಳಿ ತೊಗಟೆ ಕೊಡುವ ಅರ್ಧ ಗಿಡಗಳನ್ನು ನೆಲಕ್ಕೆ ಮಲಗಿಸಿದೆ. ಉಳಿದ ಅರ್ಧದಲ್ಲಿ ನಿನ್ನ ಹದಿನಾರು ಹೊರಡುತ್ತವೆ. ರೇಡಿಯೋ ಫೋನಿನ ಕಂಬವೂ ಅಂದೇ ಬಿತ್ತು, ಎತ್ತುವವರು ಬಂದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ. ಅದರಲ್ಲಿ ಒಂದು ಮಾತಾಡಿದರೆ ಸುತ್ತಿನ ದ್ವೀಪಗಳೆಲ್ಲ ಕಿವಿಗೊಟ್ಟು ಕೂರುತ್ತಿದ್ದವು.

ಒಂದು ತಮಾಷೆ ಕೇಳು. ಕಳೆದ ತಿಂಗಳು ತಪಾಸಣೆಯ ಹಡಗು ಬಂದಿತ್ತು. ಅರವತ್ತು ಜನ ಸಾಲಾಗಿ ನಿಂತು, ತಣ್ಣನೆಯ ಹಲಗೆಗೆ ಎದೆ ಒತ್ತಿ, ಉಸಿರು ಬಿಗಿಹಿಡಿದು ಫೋಟೋ ತೆಗೆಸಿಕೊಂಡೆವು. ಯಾರಿಗೂ ಚಿತ್ರ ಕೊಡಲಿಲ್ಲ, ನನಗೊಬ್ಬಳಿಗೆ ಕೊಟ್ಟರು. ಈಟುದ್ದದ ಲಕೋಟೆ, ಒಳಗೊಂದು ಇಂಗ್ಲಿಷ್ ಚೀಟಿ. ಸುವಾದ ದೊಡ್ಡಾಸ್ಪತ್ರೆಯಲ್ಲಿ ತೋರಿಸು ಅಂದರು. ಊರಿನ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ನಾರುಮಡಿಯ ಅಚ್ಚು ಕೊರೆಯಲು ಎಕ್ಸ್‌ರೇ ಹಾಳೆಯಂಥದು ಇನ್ನೊಂದಿದೆಯೇ? ಬಾಳೆಯೆಲೆ ನಾಲ್ಕು ಸಲ ಬಣ್ಣ ಒತ್ತುವಷ್ಟರಲ್ಲಿ ಸೊರಗುತ್ತದೆ. ನಾನು ಈವರೆಗೆ ಬಳಸಿದ್ದು ನಿನ್ನ ಅಜ್ಜನ ಮುರಿದ ಕಾಲಿನ ಹಾಳೆ, ಅದೂ ಅಂಚು ಹರಿದು ಹೋಗಿದೆ. ಈಗ ಹೊಚ್ಚ ಹೊಸದು ಬಂದಿದೆ.

ಈ ಹಡಗಿಗೇ ಸುವಾಕ್ಕೆ ಹೊರಡೋಣ ಎಂದು ಬಟ್ಟೆ ಕೂಡ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ನಿನ್ನ ಪತ್ರ ಬಂತು. ಈಗ ನಿನ್ನ ಕೆಲಸ ಮುಗಿಸಿಕೊಂಡೇ ಬಂದರಾಯಿತು, ಎರಡಕ್ಕೂ ಒಂದೇ ಪ್ರಯಾಣ. ಸ್ವಲ್ಪ ಕೆಮ್ಮಿದೆ. ಬಣ್ಣಕ್ಕೆ ಕಾಡಿಗೆ ಹಿಡಿಯುವಾಗ ಹೊಗೆ ಕುಡಿದದ್ದು, ಬೇರೇನಿಲ್ಲ.

ಭಾನುವಾರ ಮಾತ್ರ ಕೊಡತಿ ಮುಟ್ಟುವುದಿಲ್ಲ. ವಸು ಕೇಳಿದರೂ ಇಲ್ಲ, ವಸುವಿನ ಅಪ್ಪ ಕೇಳಿದರೂ ಇಲ್ಲ. ಅಂದು ಬಡಿಯುವ ಸದ್ದು ಕೇಳಿಸಿದರೆ ಪಾದ್ರಿ ನನ್ನನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಊರೆದುರು ಮಾನ ತೆಗೆಯುತ್ತಾನೆ.

ಚಿಕ್ಕಮ್ಮ
ಕೆಲೆರಾ

*

ಸುವಾ
ಏಪ್ರಿಲ್ 1, 2003

ಚಿಕ್ಕಮ್ಮಾ,

ಹೊಸ ಹಾಳೆ ಸಿಕ್ಕಿತಲ್ಲ, ನನಗೆ ಅದೇ ಬೇಕಾಗಿತ್ತು. ಅದನ್ನು ತುಂಡು ತುಂಡು ಮಾಡಬೇಡ. ಇಡೀ ಹಾಳೆಗೆ ಒಂದೇ ಅಚ್ಚು ಕೊರೆ. ಅಮ್ಮ ಹಾಕುತ್ತಿದ್ದ ಎಂಟೆಸಳಿನ ನಕ್ಷತ್ರ, ಎರಡು ಅಂಗೈ ಅಗಲದ್ದು. ನಮ್ಮ ಮನೆತನದ ಆ ನಕ್ಷೆಯನ್ನು ಅಷ್ಟು ದೊಡ್ಡದಾಗಿ ಯಾರೂ ಹಾಕಿಲ್ಲ. ಕಡುಗಪ್ಪಾಗಿರಲಿ. ಉಡುಪಿನ ಎದೆಯ ಮೇಲೆ ಅದೊಂದೇ ಬರುತ್ತದೆ, ಉಳಿದದ್ದೆಲ್ಲ ಬಿಳಿ.

ಅಚ್ಚನ್ನೂ ಹಾಳೆಗಳ ಜೊತೆ ಕಳಿಸು. ಹೊಲಿಗೆ ಬಂದ ಕಡೆ ನಕ್ಷೆ ತುಂಡಾಗುತ್ತದೆ, ಅಲ್ಲಿ ನಾನೇ ಬಣ್ಣ ಒತ್ತಿ ಕೂಡಿಸಬೇಕು.

ಈ ಬಟ್ಟೆ ಎಷ್ಟು ಹಟಮಾರಿ ಎಂದು ಈಗ ಗೊತ್ತಾಗುತ್ತಿದೆ. ಮನೆಯಲ್ಲಿದ್ದ ಹಳೆಯ ತುಂಡಿನ ಮೇಲೆ ಕೈ ಪಳಗಿಸಿಕೊಂಡೆ. ಸೂಜಿ ಒತ್ತೊತ್ತಾಗಿ ಹೋದರೆ ಅಂಚೆಚೀಟಿಯ ಹಾಗೆ ಹರಿಯುತ್ತದೆ. ಒಳಗೆ ಹತ್ತಿಯ ಅಸ್ತರಿ ಅಂಟಿಸಿ, ಉದ್ದ ಹೊಲಿಗೆ ಹಾಕಿ, ಕಂಕುಳಲ್ಲಿ ಬೆವರು ತಾಗದಂತೆ ಪಟ್ಟಿ ಕೊಟ್ಟು, ಮೂರನೆಯ ಸಲಕ್ಕೆ ನಿಂತಿತು. ನಿನ್ನೆ ಅದನ್ನು ತೊಟ್ಟು ಕನ್ನಡಿಯ ಮುಂದೆ ನಡೆದೆ. ಸರಬರ ಸದ್ದು ಮಾಡುತ್ತದೆ. ಅಮ್ಮನ ಕೊನೆಯ ಹಾಸಿಗೆಯ ಪಕ್ಕ ಕೂತಾಗ ಕೇಳಿಸುತ್ತಿದ್ದ ಸದ್ದು.

ಜೊಸತೆಕಿ ಮಾಮ ಕಳೆದ ಹಡಗಿಗೆ ಬಂದವನು ನಿನ್ನ ಮೇಲೆ ಚಾಡಿ ಹೇಳಿ ಹೋದ. "ಕೆಲೆರಾ ಈಗ ಹಾಯಿ ಬಿಚ್ಚಿದ ಕಂಬ, ಗಾಳಿ ಬಂದ್ರೆ ಹಿಡ್ಕೋಬೇಕು" ಅಂದ. ಒಳ್ಳೆಯದಾಯಿತು, ನಡೆಯುವ ಹುಡುಗಿಯೊಬ್ಬಳು ಕಡಿಮೆ ಬಿದ್ದರೆ ನಿನ್ನನ್ನೇ ನಡೆಸುತ್ತೇನೆ. ಕೆಮ್ಮಿಗೆ ಒಂದು ಬಾಟಲಿ ಔಷಧಿ ಕಳಿಸಿದ್ದೇನೆ, ಮರೆಯದೆ ಕುಡಿ.

ನಿಲ್ಲಿಸಬೇಡ ಚಿಕ್ಕಮ್ಮಾ. ಇದೊಂದು ಕೈತಪ್ಪಿದರೆ ಈ ಊರಿನಲ್ಲಿ ನಾನು ಯಾರೂ ಅಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಅಸಿನಾತೆ

*

ನಮುಕ
ಏಪ್ರಿಲ್ 7, 2003

ಅಸಿನಾತೆ,

ಹಡಗು ಆಚೆಯ ದ್ವೀಪಗಳನ್ನು ಸುತ್ತಿ ಮರಳುವಷ್ಟರಲ್ಲಿ ಬಣ್ಣ ಒತ್ತಿ ಒಂಬತ್ತು ಹಾಳೆ, ಜೊತೆಗೆ ಅಚ್ಚು ಕಳಿಸಿದ್ದೇನೆ, ಚಾಪೆಯಲ್ಲಿ ಸುತ್ತಿ. ಹಡಗಿನವನಿಗೆ ನೀರು ತಾಗಿಸಿದರೆ ಕೈ ಮುರಿಯುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಇನ್ನು ಏಳು ಬಾಕಿ.

ಹಾಳೆ ಕೊರೆಯುವ ಮೊದಲು ಕಿಟಕಿಗೆ ಹಿಡಿದು ನೋಡಿದೆ. ನನ್ನೊಳಗೆ ಇಷ್ಟು ಅಚ್ಚುಕಟ್ಟಾಗಿ ಎಲುಬು ಜೋಡಿಸಿದ್ದಾರೆಂದು ತಿಳಿದಿರಲಿಲ್ಲ, ಹೆಣೆದಿಟ್ಟ ಮೀನುಬುಟ್ಟಿಯ ಹಾಗಿತ್ತು. ಎಲುಬಿನ ಸಂದುಗಳೆಲ್ಲ ಕಪ್ಪು, ಒಂದು ಮಗ್ಗುಲಲ್ಲಿ ಮಾತ್ರ ಬೆಳ್ಳಗೆ ಮೋಡ ಕವಿದಿತ್ತು. ಕಪ್ಪಿನ ಮೇಲೆ ಪೆನ್ಸಿಲ್ ಗೀರು ಕಾಣುವುದಿಲ್ಲ, ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತದೆ. ಅಲ್ಲೇ ನಕ್ಷತ್ರ ಬರೆದು ಕತ್ತಿ ಹಾಕಿದೆ. ಒಂದೆಸಳೂ ಓರೆಯಾಗಿಲ್ಲ. ನಿನ್ನಮ್ಮ ನೋಡಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ನಿನ್ನ ಔಷಧಿ ಸಿಹಿಯಾಗಿದೆ. ಮಕ್ಕಳು ಅರ್ಧ ಕುಡಿದರು. ನರ್ಸಮ್ಮ ಹಡಗಿಗೆ ಹೋಗು, ಹೋಗು ಎಂದು ನನ್ನನ್ನು ಬೈದು ಬೈದು ಕೊನೆಗೆ ತಾನೇ ವರ್ಗವಾಗಿ ಹೋದಳು. ಹೊಸಬಳು ಬಂದಿಲ್ಲ. ಹೋಗುವ ದಿನ ದಡದಲ್ಲಿ ನನ್ನ ಕೈ ಹಿಡಿದುಕೊಂಡು, "ನಿಂಗೆ ಯಾರೂ ಇಲ್ವಾ ಹೇಳೋರು?" ಅಂದಳು. ಇದ್ದಾಳೆ, ಸುವಾದಲ್ಲಿ, ಅವಳೇ ನಿಲ್ಲಿಸಬೇಡ ಅಂದಿರುವುದು ಅಂದೆ. ಅವಳಿಗೆ ನಗು ಬರಲಿಲ್ಲ.

ಉಳಿದ ಹೆಂಗಸರನ್ನು ಸಹಾಯಕ್ಕೆ ಕರೆಯಬಹುದಿತ್ತು. ಗಾಳಿ ಕಿತ್ತ ಚರ್ಚಿನ ಮಾಡು ಕಟ್ಟಲು ಎಲ್ಲರೂ ಹೋಗುತ್ತಾರೆ. ಅಲ್ಲದೆ ಇದು ನಮ್ಮ ಮನೆಯ ನಕ್ಷೆ, ನಮ್ಮ ಮನೆಯ ವಸು ಕೇಳಿದ್ದು. ನಾನೇ ಬಡಿಯುತ್ತೇನೆ. ಮೊದಲು ಒಂದು ಉಸಿರಿಗೆ ಇಪ್ಪತ್ತು ಏಟು ಹಾಕುತ್ತಿದ್ದೆ. ಈಗ ಆರಕ್ಕೆ ಕೂರುತ್ತೇನೆ. ಕೂತು ನಿಂಬೆ ಎಲೆಯ ಚಹಾ ಕುಡಿದು ಮತ್ತೆ ಆರು.

ಯಾಕೆಂದು ಆಮೇಲೆ ಹೇಳುತ್ತೇನೆ ಎಂದು ಬರೆದಿದ್ದೀಯಲ್ಲ, ಅದೇನು? ಮದುವೆಯೋ? ಗಂಡಸು ಹೇಗಿದ್ದಾನೆ?

ಕೆಲೆರಾ

*

ಸುವಾ
ಏಪ್ರಿಲ್ 16, 2003

ಚಿಕ್ಕಮ್ಮಾ,

ಈ ಪತ್ರ ನಿನ್ನ ಕೈಗೆ ಸೇರುವುದು ಮೇ ಹಡಗಿನಲ್ಲಿ. ಅದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಸೋಮವಾರ ನಿನ್ನ ಅಚ್ಚಿಗೆ ಅಂಟಿದ್ದ ಕಾಡಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎಸಳುಗಳು ಸರಿಯಾಗಿವೆಯೇ ಎಂದು ಕಿಟಕಿಗೆ ಹಿಡಿದೆ. ನಕ್ಷತ್ರದ ಸುತ್ತ ಎಲುಬುಗಳು ಕಂಡವು. ಮೂಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ನಿನ್ನ ಹೆಸರು, ಫೆಬ್ರವರಿಯ ತಾರೀಖು. ಆಗ ನಿನ್ನ ಮಾರ್ಚ್ ಪತ್ರ ಹುಡುಕಿ ತೆಗೆದು ಮತ್ತೆ ಓದಿದೆ. ಅರವತ್ತು ಜನರಲ್ಲಿ ನನಗೊಬ್ಬಳಿಗೆ ಕೊಟ್ಟರು ಎಂದು ನೀನು ಬರೆದಿದ್ದೆ. ಇಷ್ಟು ಸ್ಪಷ್ಟವಾಗಿ ಬರೆದಿದ್ದೆ. ನಾನು ಅದರಲ್ಲಿ ಹಾಳೆಯನ್ನು ಮಾತ್ರ ಓದಿದ್ದೆ.

ದೊಡ್ಡಾಸ್ಪತ್ರೆಗೆ ಓಡಿದೆ. ಎದೆಯ ರೋಗ ನೋಡುವ ಇಂಡಿಯನ್ ಡಾಕ್ಟರಮ್ಮ ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನನ್ನ ಮುಖ ನೋಡಿದರು. "ಏನಮ್ಮಾ ಇದು, ರಂಗೋಲಿ ಬಿಡಿಸ್ಕೊಂಡ್ ಬಂದಿದೀಯ?" ಅಂದರು. ಆಮೇಲೆ ಅವರ ದನಿ ಇಳಿಯಿತು. "ನೋಡ್ಬೇಕಾದ ಜಾಗಾನೇ ಕತ್ತರಿಸಿ ತೆಗೆದಿದೀರಲ್ಲಮ್ಮ. ಅಂಚಲ್ಲಿ ಉಳಿದಿರೋದು ನೋಡಿದ್ರೆ ಕ್ಷಯ ಅನ್ಸುತ್ತೆ. ಕ್ಷಯ ಆದ್ರೆ ಮಾತ್ರೆ ಇದೆ, ಆರು ತಿಂಗಳು ತಗೊಂಡ್ರೆ ಬದುಕ್ತಾರೆ. ಆದ್ರೆ ಇದು ಎರಡು ತಿಂಗಳ ಹಿಂದಿನ ಎದೆ. ಇವತ್ತಿನ ಎದೆ ಹೇಗಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಬೇಗ ಕರ್ಕೊಂಡ್ ಬಾ. ಅಲ್ಲಿ ತನಕ ಒಂದ್ ಬಿಂದಿಗೆ ನೀರೂ ಎತ್ತಬಾರ್ದು, ದಣಿವಾದಷ್ಟೂ ರೋಗ ಹಬ್ಬುತ್ತೆ."

ಒಂದು ಬಿಂದಿಗೆ ನೀರೂ ಎತ್ತಬಾರದಂತೆ. ನಾನು ಹದಿನಾರು ಹಾಳೆ ಬಡಿಸುತ್ತಿದ್ದೇನೆ.

ರೇಡಿಯೋ ಫೋನು ಇನ್ನೂ ಸತ್ತಿದೆ ಎಂದು ಅಂಚೆ ಕಚೇರಿಯಲ್ಲಿ ಹೇಳಿದರು. ಅಲ್ಲಿಂದ ರೇಡಿಯೋ ನಿಲಯಕ್ಕೆ ಹೋದೆ. ಸಾವಿನ ಸುದ್ದಿ ಓದಿದ ಮೇಲೆ ದ್ವೀಪಗಳವರಿಗೆ ಸಂದೇಶ ಓದುತ್ತಾರಲ್ಲ, ಅದಕ್ಕೆ. "ಏನಂತ ಓದ್ಲಿ?" ಎಂದು ಗುಮಾಸ್ತ ಪೆನ್ನು ಹಿಡಿದು ಕೂತ. ರೋಗದ ಹೆಸರು ನಾಲಿಗೆಯ ತುದಿಗೆ ಬಂತು. ಇಡೀ ದೇಶ ಕೇಳುತ್ತದೆ. ನಾಳೆಯಿಂದ ನಿನ್ನ ಬಟ್ಟಲನ್ನು ಬೇರೆ ಇಡುತ್ತಾರೆ, ನೀನು ಕೂತ ಚಾಪೆಯಿಂದ ಎದ್ದು ಹೋಗುತ್ತಾರೆ ಎಂದು ಹೆದರಿದೆ. "ನಮುಕದ ಕೆಲೆರಾಗೆ. ತುಂಬ ಅವಸರ. ಮೊದಲ ಹಡಗಿಗೆ ಹೊರಟು ಬಾ. ಅಸಿನಾತೆ" ಎಂದಷ್ಟೇ ಬರೆಸಿದೆ. ಮೂರು ದಿನ ಓದುತ್ತಾರಂತೆ. ಬರುತ್ತೀಯಲ್ಲ?

ಮದುವೆ ಗಿದುವೆ ಏನಿಲ್ಲ. ಕಾರ್ಖಾನೆ ಜನವರಿಯಲ್ಲೇ ಬಾಗಿಲು ಹಾಕಿತು. ಹೇಳಲು ನಾಚಿಕೆಯಾಗಿತ್ತು. ಈ ಪ್ರದರ್ಶನ ನನಗೆ ಉಳಿದಿದ್ದ ಒಂದೇ ಬಾಗಿಲು. ಅದಕ್ಕೇ ನಿನ್ನನ್ನು ಹಾಗೆ ಅಟ್ಟಿದೆ. ಈಗ ಆ ಬಾಗಿಲೂ ಬೇಡ, ಬಟ್ಟೆಯೂ ಬೇಡ. ಕೊಡತಿ ಕೆಳಗಿಡು.

ಕೊರೆದಾಗ ಬಿದ್ದ ಎಂಟು ಎಸಳುಗಳನ್ನು ಎಸೆದಿಲ್ಲ ತಾನೆ? ಇದ್ದರೆ ಜೋಡಿಸಿ ನೋಡುತ್ತೇನೆ ಎಂದು ಡಾಕ್ಟರಮ್ಮ ಅಂದಿದ್ದಾರೆ.

ಅಸಿನಾತೆ

*

ನಮುಕ
ಏಪ್ರಿಲ್ 24, 2003

ಅಸಿನಾತೆ,

ಹಾಯಿದೋಣಿಯಲ್ಲಿ ಲೋಕ ಸುತ್ತುವ ಬಿಳಿಯ ಗಂಡಹೆಂಡಿರು ನೀರು ತುಂಬಿಸಿಕೊಳ್ಳಲು ಬಂದಿದ್ದಾರೆ, ಸುವಾಕ್ಕೆ ಹೋಗುತ್ತಾರಂತೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ರೇಡಿಯೋದಲ್ಲಿ ನನ್ನ ಹೆಸರು ಬಂತು ಕಣೆ. ಈಸ್ಟರ್ ವಾರ, ಇಡೀ ಊರು ಕಿವಿಗೊಟ್ಟು ಕೂತಿತ್ತು. ಸತ್ತವರ ಪಟ್ಟಿ ಮುಗಿದ ಕೂಡಲೇ ಕೆಲೆರಾ ಅಂದದ್ದಕ್ಕೆ ಜೊಸತೆಕಿಯ ಹೆಂಡತಿ "ಅಯ್ಯೋ" ಎಂದು ಎದೆ ಬಡಿದುಕೊಂಡಳು. "ಸತ್ತಿಲ್ಲ ಕಣೇ, ಪಕ್ಕದಲ್ಲೇ ಕೂತಿದೀನಿ" ಅಂದೆ. ಮೂರು ದಿನ ಓದಿಸಿದ್ದೀಯ. ಈಗ ಮಕ್ಕಳು ನನ್ನನ್ನು ಕಂಡರೆ "ತುಂಬ ಅವಸರ, ತುಂಬ ಅವಸರ" ಎಂದು ಕೂಗಿಕೊಂಡು ಹಿಂದೆ ಬರುತ್ತವೆ.

ಏತಕ್ಕೆ ಅವಸರವೆಂದು ನನಗೆ ಗೊತ್ತಾಗಲಿಲ್ಲವೇ? ಪ್ರದರ್ಶನದ ದಿನ ಇನ್ನೂ ಬೇಗ ಬಂದಿರಬೇಕು, ಅದಕ್ಕೇ ಹಾಗೆ ಕೂಗಿಸಿದ್ದೀಯ. ಹೆದರಬೇಡ. ನಾನೇ ಹಾಳೆಗಳನ್ನು ಹೊತ್ತು ಮೊದಲ ಹಡಗಿಗೆ ಬರುತ್ತೇನೆ. ಬರಿಗೈಯಲ್ಲಿ ಬಂದು ನಿನ್ನ ಮುಖ ನೋಡಲಾರೆ.

ಅಚ್ಚು ನಿನ್ನ ಹತ್ತಿರ ಇರುವುದರಿಂದ, ಅದರಿಂದ ಬಿದ್ದ ಎಂಟು ಎಸಳುಗಳನ್ನೇ ಬಟ್ಟೆಯ ಮೇಲಿಟ್ಟು ಸುತ್ತ ಕಪ್ಪು ಒತ್ತುತ್ತಿದ್ದೇನೆ. ನಿನ್ನ ಹಾಳೆಗಳಲ್ಲಿ ನಕ್ಷತ್ರ ಕಪ್ಪು, ಇವುಗಳಲ್ಲಿ ಬಿಳಿ. ಚೆನ್ನಾಗಿದೆ. ಎಸಳುಗಳನ್ನು ಬೈಬಲಿನೊಳಗೆ ಇಟ್ಟುಕೊಂಡಿದ್ದೇನೆ.

ಹನ್ನೆರಡನೆಯ ಹಾಳೆಯ ಮೇಲೆ ಕೆಮ್ಮು ಬಂದು ಕೆಂಪು ಚುಕ್ಕಿಗಳು ಬಿದ್ದವು. ಒಸಡಿನ ರಕ್ತವಿರಬೇಕು. ತೊಗಟೆಗೆ ಅಂಟಿದ್ದು ತೊಳೆದರೆ ಹೋಗುವುದಿಲ್ಲ, ನಿನಗೆ ಗೊತ್ತು. ಅದರ ಮೇಲೆ ಕೆಮ್ಮಣ್ಣಿನಲ್ಲಿ ಚಿಕ್ಕ ಹೂಗಳನ್ನು ಹಾಕಿ ಮುಚ್ಚಿದ್ದೇನೆ. ಯಾವ ಹೂವಿನ ಕೆಳಗೆ ಎಂದು ನೀನು ಹುಡುಕಿದರೂ ಸಿಗುವುದಿಲ್ಲ.

ಇನ್ನು ನಾಲ್ಕು ಬಾಕಿ, ದಿನ ಕಡಿಮೆ. ಯಾರಿಗೂ ಹೇಳಬೇಡ, ಇನ್ನು ಮೇಲೆ ಭಾನುವಾರವೂ ಬಡಿಯುತ್ತೇನೆ. ದ್ವೀಪದ ಆಚೆ ಮಗ್ಗುಲಿನ ತೋಟದ ಗುಡಿಸಲಲ್ಲಿ ಹಳೆಯ ದಿಮ್ಮಿ ಇದೆ. ಅಲ್ಲಿ ಬಡಿದರೆ ಸಮುದ್ರಕ್ಕೆ ಕೇಳಿಸುತ್ತದೆ, ಪಾದ್ರಿಗೆ ಕೇಳಿಸುವುದಿಲ್ಲ. ಐವತ್ತೆಂಟು ವರ್ಷದಲ್ಲಿ ಹೀಗೆ ಮಾಡುತ್ತಿರುವುದು ಇದೇ ಮೊದಲು. ದೇವರಿಗೆ ನಾನೇ ಹೇಳಿಕೊಂಡಿದ್ದೇನೆ, ಮಗು ಮೂರು ದಿನ ರೇಡಿಯೋದಲ್ಲಿ ಕೂಗಿದೆ, ಏನು ಮಾಡಲಿ ಎಂದು.

ಕೆಲೆರಾ

*

ಹಡಗಿನಿಂದ, ನಮುಕದ ಎದುರು
ಮೇ 11, 2003, ಭಾನುವಾರ

ಚಿಕ್ಕಮ್ಮಾ,

ಕೈಗೇ ಕೊಡಬೇಕಾದ ಪತ್ರವನ್ನು ಯಾರಾದರೂ ಬರೆಯುತ್ತಾರೆಯೇ? ಎದುರಿಗೆ ನಿಂತರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ಬಾಯಿಗೆ ಮರಗೆಣಸು ತುರುಕಿ, ಇಷ್ಟು ದೂರ ಯಾಕೆ ಬಂದೆ ಎಂದು ಬೈಯುತ್ತೀಯ. ಅದಕ್ಕೇ ಬರೆದಿಟ್ಟುಕೊಳ್ಳುತ್ತಿದ್ದೇನೆ.

ನಿನ್ನ ಪತ್ರವನ್ನು ಆ ಬಿಳಿಯರು ಈ ತಿಂಗಳ ಮೂರಕ್ಕೆ ತಂದುಕೊಟ್ಟರು. ನಿನ್ನನ್ನು ಉಳಿಸಲೆಂದು ಕೂಗಿದ ಮೂರು ಮಾತೇ ನಿನ್ನ ಬೆನ್ನಿಗೆ ಚಾಟಿಯಾಯಿತು. ನಿನ್ನ ಮಾನ ಕಾಯಲು ಹೋಗಿ ರೋಗದ ಹೆಸರು ನುಂಗಿದೆ. ನುಂಗಬಾರದಾಗಿತ್ತು. ಮಾರನೆಯ ದಿನವೇ ಮತ್ತೆ ರೇಡಿಯೋಕ್ಕೆ ಹೋಗಿ, ಈ ಸಲ ಎಲ್ಲವನ್ನೂ ಬರೆಸಿದೆ. ಕೆಲೆರಾ, ನಿನ್ನ ಎದೆ ಕೆಟ್ಟಿದೆ, ಬಡಿಯುವುದನ್ನು ನಿಲ್ಲಿಸು ಎಂದು. ದೇಶವೆಲ್ಲ ಕೇಳಲಿ. ಆದರೆ ಕಳೆದ ವಾರವೆಲ್ಲ ಲಾವಿನ ಕಡೆ ರೇಡಿಯೋ ಹಿಡಿಯುತ್ತಿಲ್ಲ ಎಂದು ಹಡಗಿನಲ್ಲಿ ಹೇಳಿದರು. ನೀನು ಕೇಳಿದೆಯೋ ಇಲ್ಲವೋ.

ಪ್ರದರ್ಶನದಿಂದ ಹೆಸರು ತೆಗೆಸಿದೆ. ನಿನ್ನ ಒಂಬತ್ತು ಹಾಳೆಗೆ ಕತ್ತರಿ ತಾಗಿಸಿಲ್ಲ. ಎಂದಾದರೂ ಹೊಲಿದರೆ ನೀನು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿರಬೇಕು, ಇಲ್ಲದಿದ್ದರೆ ಹೊಲಿಯುವುದಿಲ್ಲ. ನಿನ್ನನ್ನು ಮಲಗಿಸಿಕೊಂಡು ಹೋಗಲು ಮಂಚದ ಜಾಗ ಮಾಡಿಸಿದ್ದೇನೆ. ಡಾಕ್ಟರಮ್ಮ ಹಾಸಿಗೆ ಕಾದಿರಿಸಿದ್ದಾರೆ. ಬೈಬಲಿನೊಳಗಿನ ಎಸಳುಗಳನ್ನು ಮರೆಯದೆ ತೆಗೆದುಕೋ.

ಶುಕ್ರವಾರ ಮುಟ್ಟಬೇಕಾದ ಹಡಗು ಎಂಜಿನ್ ಕೆಟ್ಟು ಇಂದು ಮುಟ್ಟಿದೆ. ಹವಳದ ದಿಬ್ಬದ ಹೊರಗೆ ಲಂಗರು ಹಾಕಿ ನಿಂತಿದ್ದೇವೆ. ಭಾನುವಾರ ಸರಕು ಇಳಿಸುವುದಿಲ್ಲ, ನಾಳೆ ಎಂದ ಕ್ಯಾಪ್ಟನ್. ಅವನ ಕಾಲು ಹಿಡಿಯುವುದೊಂದು ಬಾಕಿ. ಊರಿನ ಕಡೆಯಿಂದ ಯಾವ ಸದ್ದೂ ಇರಲಿಲ್ಲ. ಭಾನುವಾರದ ಮೌನದಿಂದ ಏನು ತಿಳಿಯುತ್ತದೆ ಎಂದು ಕಟಕಟೆ ಹಿಡಿದು ನಿಂತಿದ್ದೆ.

ಆಮೇಲೆ ಹಡಗು ಪ್ರವಾಹಕ್ಕೆ ಸ್ವಲ್ಪ ತಿರುಗಿತು. ತೋಟದ ಮಗ್ಗುಲಿನಿಂದ ಕೇಳಿಸಿತು. ಒಂದೇ ಕೊಡತಿ.

ಕ್ಯಾಪ್ಟನ್ ಕಿವಿ ನಿಮಿರಿಸಿದ. "ಭಾನುವಾರ ಯಾರಪ್ಪಾ ಬಡೀತಿರೋದು? ನಾಚಿಕೆ ಮಾನ ಇಲ್ದೋರು" ಅಂದ. ನಾನು ಡೆಕ್ಕಿನ ಮೇಲೆ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತೆ. "ನಮ್ಮ ಚಿಕ್ಕಮ್ಮ ಅದು. ಅವಳ ಎದೆ ಕೆಟ್ಟಿದೆ. ನನಗೋಸ್ಕರ ಬಡೀತಿದಾಳೆ" ಅಂದೆ. ಅವನು ಟೋಪಿ ತೆಗೆದ. "ಸರಕು ಇಳಿಸಲ್ಲ ಅಂದಿದ್ದೆ. ಜನ ಇಳಿಸಲ್ಲ ಅಂದಿಲ್ಲ. ದೋಣಿ ಬಿಡ್ರೋ" ಎಂದು ಕೂಗಿದ. ಈಗ ದೋಣಿ ಇಳಿಸುತ್ತಿದ್ದಾರೆ. ಹಗ್ಗ ಎಲ್ಲೋ ಸಿಕ್ಕಿಕೊಂಡಿದೆ, ಬಿಡಿಸುತ್ತಿದ್ದಾರೆ.

ಆರಕ್ಕೊಮ್ಮೆ ಕೂರುತ್ತೇನೆ ಎಂದು ನೀನು ಬರೆದಿದ್ದೆ. ಈಗ ಎರಡಕ್ಕೆ ಕೂರುತ್ತಿದ್ದೀಯ. ಎರಡು ಏಟು, ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ನಾನು ಉಸಿರು ಬಿಡದೆ ಕಾಯುತ್ತೇನೆ. ಮತ್ತೆ ಒಂದು.

ನಿಲ್ಲಿಸು ಎಂದು ಹೇಳಲು ನಾಲ್ಕು ದಿನ ಸಮುದ್ರದ ಮೇಲೆ ಬಂದವಳು ನಾನು. ಈಗ ದೋಣಿ ದಡ ಮುಟ್ಟುವ ತನಕ ನಿಲ್ಲಿಸಬೇಡ ಎಂದು ಬೇಡಿಕೊಳ್ಳುತ್ತಿದ್ದೇನೆ.